2050ರ ಅಂಕಿ ಸರಿ ಕಾಣದಿದ್ದರೆ: ಭವಿಷ್ಯದ ಎಲ್‌ಸಿಎ ಲೆಕ್ಕದಲ್ಲಿ ದೋಷ ಹುಡುಕುವ ಕೈಪಿಡಿ

ಕಾರವಾರ, ಕುಮಟಾ, ಶಿರಸಿ ಕಡೆಯ ನಾವು ಕೆಲವರು ನಮ್ಮ ಜಿಲ್ಲೆಯ ವಸ್ತುಗಳ ಎಲ್‌ಸಿಎ ಮಾದರಿಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಹಂಚಿಕೊಂಡು ಬಳಸುತ್ತೇವೆ. ಎಲ್‌ಸಿಎ ಅಂದರೆ ಜೀವನಚಕ್ರ ಮೌಲ್ಯಮಾಪನ: ಒಂದು ವಸ್ತು ತಯಾರಾಗುವುದರಿಂದ ಹಿಡಿದು ಪರಿಸರದ ಮೇಲೆ ಬೀಳುವ ಹೊರೆಯ ಲೆಕ್ಕ. ಕಾರವಾರದ ಬೈತಖೋಲ ಬಂದರಿನ ಐಸ್ ಇದೆ. ದಡಕ್ಕೆ ಇಳಿದ ಬಂಗಡೆ ಇದೆ. ಶಿರಸಿ ಸೀಮೆಯ ಡ್ರೈಯರಿನಲ್ಲಿ ಒಣಗಿಸಿದ ಅಡಿಕೆ ಇದೆ. ಒಬ್ಬರು ಬರೆದ ಮಾದರಿಯನ್ನು ಇನ್ನೊಬ್ಬರು ತೆಗೆದುಕೊಂಡು 2030ಕ್ಕೆ, 2050ಕ್ಕೆ ಲೆಕ್ಕ ಹಾಕುತ್ತಾರೆ. ಆಗ ಜಾಸ್ತಿ ಕೇಳಿಬರುವ ಮಾತು ಒಂದೇ: "ಲೆಕ್ಕ ಓಡಿತು, ಎರರ್ ಏನೂ ಬರಲಿಲ್ಲ, ಆದ್ರೆ ಅಂಕಿ ಯಾಕೋ ಸರಿ ಕಾಣ್ತಿಲ್ಲ."

ಈ ಕೆಲಸದ ಕಷ್ಟವೇ ಅದು. ದೋಷ ಇದ್ದರೂ ಪ್ರೋಗ್ರಾಂ ನಿಲ್ಲುವುದಿಲ್ಲ. ಸಾವಿರಾರು ಪ್ರಕ್ರಿಯೆಗಳ ಮ್ಯಾಟ್ರಿಕ್ಸನ್ನು ಸಲೀಸಾಗಿ ಬಿಡಿಸಿ ಒಂದು ಅಂಕಿ ಕೊಟ್ಟುಬಿಡುತ್ತದೆ. ಅದನ್ನು ನೋಡಿದ ತಕ್ಷಣ ನಮ್ಮವರು ಸನ್ನಿವೇಶದ ಮಾದರಿಯನ್ನೇ, ಅಂದರೆ ಮುಂದಿನ ಜಗತ್ತು ಹೇಗಿರಬಹುದು ಎಂದು ಹೇಳುವ ರಿಮೈಂಡ್‌ನಂಥ ಮಾದರಿಯನ್ನೇ ಅನುಮಾನಿಸುತ್ತಾರೆ. "ರಿಮೈಂಡ್ ಭಾರತವನ್ನು ಸರಿಯಾಗಿ ಹಿಡಿದಿಲ್ಲ" ಅನ್ನುತ್ತಾರೆ. ನಾನು ಕಂಡ ಮಟ್ಟಿಗೆ ದೋಷ ಕೋಷ್ಟಕಗಳ ಒಳಗೆ ಇರುವುದು ಕಡಿಮೆ. ಒಂದು ಕೋಷ್ಟಕ ಇನ್ನೊಂದಕ್ಕೆ ಸೇರುವ ಜಾಗದಲ್ಲಿ ಇರುವುದೇ ಹೆಚ್ಚು. ಅದಕ್ಕೇ ಈ ಕೈಪಿಡಿ ಬರೀ ಆ ಜಾಗಗಳ ಬಗ್ಗೆ.

ಯಾವುದು ಯಾವುದಕ್ಕೆ ಸೇರುತ್ತದೆ

ಹೊಸಬರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ನಾವು ಬರೆಯುವ ಭಾಗ ಮುನ್ನೆಲೆ. ಒಂದು ಟನ್ ಐಸಿಗೆ ಎಷ್ಟು ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟು, ಎಷ್ಟು ನೀರು, ಎಷ್ಟು ಅಮೋನಿಯಾ ಅನ್ನುವುದು ಅಲ್ಲಿರುತ್ತದೆ. ಆ ಕರೆಂಟು ಹೇಗೆ ಹುಟ್ಟಿತು, ಆ ಅಮೋನಿಯಾ ಹೇಗೆ ತಯಾರಾಯಿತು ಅನ್ನುವುದು ಹಿನ್ನೆಲೆ. ಅದು ಇಕೋಇನ್ವೆಂಟ್ ಡೇಟಾಬೇಸಿನಿಂದ ಬರುತ್ತದೆ. ಆದರೆ ಇಕೋಇನ್ವೆಂಟ್ ಹೇಳುವುದು ಈಗಿನ ಜಗತ್ತನ್ನು.

ಮುಂದಿನ ಜಗತ್ತಿಗೆ ಬೇರೆ ಮಾದರಿಗಳಿವೆ. ಜರ್ಮನಿಯ ಪಾಟ್ಸ್‌ಡಾಮ್ ಹವಾಮಾನ ಸಂಸ್ಥೆಯ ರಿಮೈಂಡ್ ಒಂದು, ನೆದರ್ಲೆಂಡ್ಸಿನ ಇಮೇಜ್ ಇನ್ನೊಂದು. ಜನಸಂಖ್ಯೆ, ಆದಾಯ ಹೇಗೆ ಬೆಳೆಯಬಹುದು ಅನ್ನುವುದಕ್ಕೆ ಎಸ್‌ಎಸ್‌ಪಿ ಎಂಬ ಐದು ದಾರಿಗಳಿವೆ. ಅವುಗಳಲ್ಲಿ ಒಂದನ್ನು ಹಿಡಿದು, ಯಾವ ಪ್ರದೇಶದಲ್ಲಿ ಯಾವ ವರ್ಷ ಕಲ್ಲಿದ್ದಲು, ಸೌರ, ಗಾಳಿ, ಅಣುಶಕ್ತಿ ಎಷ್ಟೆಷ್ಟು ಎಂದು ಈ ಮಾದರಿಗಳು ಲೆಕ್ಕ ಕೊಡುತ್ತವೆ. ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯಲ್ಲಿ ಬೆಳೆದ ಪ್ರೆಮೈಸ್ ಎಂಬ ಪೈಥಾನ್ ಟೂಲ್ ಆ ಲೆಕ್ಕವನ್ನು ಇಕೋಇನ್ವೆಂಟಿನ ಒಳಗೆ ಸೇರಿಸಿ, 2050ರ ಹೊಸ ಹಿನ್ನೆಲೆಯನ್ನು ತಯಾರಿಸುತ್ತದೆ. ಕೊನೆಗೆ ಲೆಕ್ಕ ಹಾಕುವುದು ಬ್ರೈಟ್‌ವೇ. ಕೋಡ್ ಬೇಡ ಅನ್ನುವವರಿಗೆ ಅದರ ಮೇಲೆ ಕಿಟಕಿ, ಬಟನ್ನುಗಳಿರುವ ಆಕ್ಟಿವಿಟಿ ಬ್ರೌಸರ್ ಇದೆ.

ಹಾಗಾಗಿ ನೋಡಬೇಕಾದ ಸೇರುವೆ ನಾಲ್ಕು. ಊರಿನ ಬಿಲ್ಲು ಮುನ್ನೆಲೆಗೆ ಸೇರುವುದು, ಮುನ್ನೆಲೆ ಹಿನ್ನೆಲೆಗೆ ಸೇರುವುದು, ಹಿನ್ನೆಲೆ ಸನ್ನಿವೇಶಕ್ಕೆ ಸೇರುವುದು, ಫಲಿತಾಂಶ ಅಳೆಯುವ ವಿಧಾನಕ್ಕೆ ಸೇರುವುದು.

ಮೊದಲು ಭಾಗಿಸಿ ನೋಡಿ

ನಿರೀಕ್ಷಿಸಿದ ಅಂಕಿ ಮತ್ತು ಬಂದ ಅಂಕಿಯನ್ನು ಪಕ್ಕಪಕ್ಕ ಇಟ್ಟು ಒಂದನ್ನು ಇನ್ನೊಂದರಿಂದ ಭಾಗಿಸಿ. ಕಳೆದರೆ ಏನೂ ಗೊತ್ತಾಗುವುದಿಲ್ಲ, ಭಾಗಿಸಿದರೆ ದೋಷದ ಗುರುತು ಸಿಗುತ್ತದೆ.

ಈಗಿನ ಅಂಕಿಯನ್ನೂ 2050ರ ಅಂಕಿಯನ್ನೂ ಹೀಗೇ ಭಾಗಿಸಿದಾಗ ಉತ್ತರ 1 ಬಂತು, ಅದೂ ನಾಲ್ಕೈದು ದಶಮಾಂಶದವರೆಗೆ 1 ಬಂತು ಅಂದರೆ, ಹೊಸ ಹಿನ್ನೆಲೆ ನಿಮ್ಮ ಮಾದರಿಗೆ ತಾಗಿಯೇ ಇಲ್ಲ. ನಿರೀಕ್ಷಿಸಿದ್ದಕ್ಕೂ ಬಂದದ್ದಕ್ಕೂ ನಡುವೆ 3.6 ಅಥವಾ 0.2778 ಬಂದರೆ ಎಲ್ಲೋ ಮೆಗಾಜೂಲಿಗೂ ಯೂನಿಟ್ಟಿಗೂ ಅದಲುಬದಲಾಗಿದೆ. 1000 ಬಂದರೆ ಕೆಜಿ ಮತ್ತು ಟನ್, ಇಲ್ಲವೇ ಯೂನಿಟ್ ಮತ್ತು ಮೆಗಾವ್ಯಾಟ್ ಅವರ್. ಅಂಕಿ ಅಷ್ಟೇ ಇದ್ದು ಚಿಹ್ನೆ ಮಾತ್ರ ತಿರುಗಿದ್ದರೆ ತ್ಯಾಜ್ಯದ ಸಾಲು ನೋಡಿ. ಇಕೋಇನ್ವೆಂಟಿನಲ್ಲಿ ತ್ಯಾಜ್ಯ ಸಂಸ್ಕರಣೆಯನ್ನು ಋಣ ಚಿಹ್ನೆಯಲ್ಲಿ ಬರೆಯುವ ಪದ್ಧತಿ ಇದೆ. ಮೀನಿನ ತ್ಯಾಜ್ಯವನ್ನು ಧನ ಚಿಹ್ನೆಯಲ್ಲಿ ಬರೆದುಬಿಟ್ಟರೆ ಹೊರೆ ಹೋಗಿ ಲಾಭವಾಗಿ ಕಾಣುತ್ತದೆ.

ಭಾಗಲಬ್ಧ 20, 40 ಹೀಗೆ ಗುಂಡಗೆ ಬಂದರೆ ಬಿಲ್ಲಿಗೆ ಹೋಗಿ. ಐಸ್ ಪ್ಲಾಂಟಿನಂಥ ಹೈಟೆನ್ಷನ್ ಸಂಪರ್ಕದಲ್ಲಿ ಮೀಟರಿನ ಹಿಂದಿನ ಮತ್ತು ಈಗಿನ ರೀಡಿಂಗಿನ ವ್ಯತ್ಯಾಸವನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಯೂನಿಟ್ ಬರುತ್ತದೆ. ಗುಣಿಸದೆ ಬರೀ ವ್ಯತ್ಯಾಸವನ್ನು ಎತ್ತಿಕೊಂಡರೆ ಲೆಕ್ಕ ಅಷ್ಟೇ ಪಟ್ಟು ಕಡಿಮೆ ಬರುತ್ತದೆ. ಅದೇ ಬಿಲ್ಲಿನಲ್ಲಿ ಕೆವಿಎ ಲೆಕ್ಕದ ಸಾಲೂ ಇರುತ್ತದೆ. ನಮಗೆ ಬೇಕಾದ್ದು ಕಿಲೋವ್ಯಾಟ್ ಅವರ್ ಸಾಲು ಮಾತ್ರ.

ನಿಮ್ಮದೇ ಸನ್ನಿವೇಶದ ಫೈಲನ್ನು ಪ್ರೆಮೈಸ್‌ಗೆ ಸೇರಿಸಿದಾಗ ಇನ್ನೊಂದು ಬಗೆಯ ದೋಷ ಬರುತ್ತದೆ. ರಿಮೈಂಡ್‌ನಂಥ ಮಾದರಿಗಳು ವರ್ಷಕ್ಕೆ ಎಷ್ಟು ಎಕ್ಸಾಜೂಲ್ ಅಂತ ಹೇಳುತ್ತವೆ. ನಮ್ಮ ಸರ್ಕಾರಿ ವರದಿಗಳಲ್ಲಿ ಶತಕೋಟಿ ಯೂನಿಟ್ ಇರುತ್ತದೆ. 1 ಎಕ್ಸಾಜೂಲ್ ಅಂದರೆ ಸುಮಾರು 277.8 ಶತಕೋಟಿ ಯೂನಿಟ್. ಎಲ್ಲ ಕಾಲಂಗಳೂ ಒಂದೇ ಅಳತೆಯಲ್ಲಿದ್ದರೆ ಏನೂ ಕೆಡುವುದಿಲ್ಲ, ಯಾಕೆಂದರೆ ಕೊನೆಗೆ ಬೇಕಾದ್ದು ಪಾಲು. ಒಂದೇ ಒಂದು ಕಾಲಂ ಬೇರೆ ಅಳತೆಯಲ್ಲಿದ್ದರೆ ಆ ಮೂಲ ಮಾಯವಾಗುತ್ತದೆ, ಇಲ್ಲವೇ ಅದೊಂದೇ ಉಳಿದುಕೊಳ್ಳುತ್ತದೆ. ಸೌರ ಶೇ 99 ಎಂದು ಕಂಡರೆ ಖುಷಿಪಡುವ ಮೊದಲು ಆ ಕಾಲಂ ತಲೆಬರಹ ಓದಿ.

ಅಂಕಿ ಒಂದಿಷ್ಟೂ ಬದಲಾಗಲಿಲ್ಲ

ಒಂದು ಟನ್ ಐಸನ್ನೇ ಹಿಡಿಯೋಣ. 30 ಡಿಗ್ರಿಯ ನೀರನ್ನು ಸೊನ್ನೆಗೆ ಇಳಿಸಲು ಕೆಜಿಗೆ ಸುಮಾರು 126 ಕಿಲೋಜೂಲ್ ಶಾಖ ತೆಗೆಯಬೇಕು. ಹೆಪ್ಪುಗಟ್ಟಿಸಲು ಇನ್ನೂ 334. ಒಟ್ಟು 460. ಟನ್ನಿಗೆ ಅದು ಸುಮಾರು 128 ಯೂನಿಟ್ಟಿನಷ್ಟು ತಂಪು. ಕಂಪ್ರೆಸರ್ ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಯೂನಿಟ್ ತಂಪು ಕೊಡುತ್ತದೆ ಎಂದು ಹಿಡಿದರೆ 51 ಯೂನಿಟ್ ಆಯಿತು. ಪಂಪು, ಫ್ಯಾನು, ಉಪ್ಪುನೀರು ಕಲಕುವ ಮೋಟಾರು, ಗೋಡೆಯಿಂದ ಒಳಬರುವ ಶಾಖ ಸೇರಿ 65 ಎನ್ನೋಣ. ಮುನ್ನೆಲೆಯಲ್ಲಿ ಬರೆದದ್ದು 65ರ ಆಸುಪಾಸು ಇದ್ದರೆ ನಂಬಬಹುದು. 6.5 ಅಥವಾ 650 ಇದ್ದರೆ ಮುಂದೆ ಹೋಗಬೇಡಿ, ಬಿಲ್ಲಿಗೇ ಮರಳಿ.

ಬಿಲ್ಲು ತೆಗೆದುಕೊಳ್ಳುವಾಗ ಇಡೀ ವರ್ಷದ ಯೂನಿಟ್ಟನ್ನು ಇಡೀ ವರ್ಷದ ಐಸಿನಿಂದಲೇ ಭಾಗಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟು ಕಡಲಿಗೆ ಇಳಿಯದಿದ್ದರೆ ಐಸ್ ಕೇಳುವವರು ಕಡಿಮೆ. ಆ ತಿಂಗಳ ಬಿಲ್ಲು ಒಂದನ್ನೇ ನೋಡಿದರೆ ಟನ್ನಿಗೆ ಎಷ್ಟು ಎಂಬುದು ಅರ್ಥವಿಲ್ಲದ ಅಂಕಿಯಾಗುತ್ತದೆ.

ಈಗ ಕರೆಂಟಿನ ಕಡೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಈಚಿನ ವರ್ಷಗಳ ಲೆಕ್ಕದಲ್ಲಿ ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. 65ರಿಂದ ಗುಣಿಸಿದರೆ ಟನ್ ಐಸಿಗೆ 45 ಕೆಜಿ ಚಿಲ್ಲರೆ. ಎಲ್‌ಸಿಎಯಲ್ಲಿ ಗಣಿ, ಕಲ್ಲಿದ್ದಲಿನ ಸಾಗಣೆ, ಲೈನ್ ನಷ್ಟ ಎಲ್ಲ ಸೇರುವುದರಿಂದ ದೇಶದ ಸರಾಸರಿ ಕರೆಂಟಿನಲ್ಲಿ ಇದಕ್ಕಿಂತ ಮೇಲೆಯೇ ಬರುತ್ತದೆ. ಇದು ಕೈಲೆಕ್ಕ. ಪೇಪರಿನ ಮೇಲೆ ಹಾಕಿಟ್ಟುಕೊಳ್ಳಿ.

ಹವಾಮಾನ ನೀತಿ ಬಿಗಿಯಾಗಿರುವ ಸನ್ನಿವೇಶದಲ್ಲಿ 2050ಕ್ಕೆ ಓಡಿಸಿದರೂ ಅಂಕಿ ಅಲ್ಲೇ ನಿಂತಿದ್ದರೆ ಮೊದಲು ಐಸಿನ ಕರೆಂಟು ಸಾಲನ್ನು ತೆರೆಯಿರಿ. ಬ್ರೈಟ್‌ವೇಯಲ್ಲಿ ಲಿಂಕ್ ಅಂದರೆ ಎರಡು ಪದಗಳ ಜೋಡಿ: ಡೇಟಾಬೇಸಿನ ಹೆಸರು ಮತ್ತು ಒಂದು ಕೋಡ್. ಆ ಜೋಡಿಯಲ್ಲಿ ಮೂಲ ಇಕೋಇನ್ವೆಂಟ್ ಹೆಸರೇ ಇದ್ದರೆ ನೀವು ಎಷ್ಟು ಹೊಸ ಹಿನ್ನೆಲೆ ತಯಾರಿಸಿದರೂ ಪ್ರಯೋಜನವಿಲ್ಲ. ಅಂಗಳದಲ್ಲಿ ಹೊಸ ಟ್ಯಾಂಕ್ ಕೂರಿಸಿ, ಅಡುಗೆಮನೆ ನಲ್ಲಿಯ ಪೈಪನ್ನು ಹಳೇ ಟ್ಯಾಂಕಿಗೇ ಬಿಟ್ಟ ಹಾಗೆ. ಪರಿಹಾರ ಸುಲಭ. ಮುನ್ನೆಲೆಯ ಒಂದು ಪ್ರತಿ ಮಾಡಿ, ಅದರ ಲಿಂಕುಗಳನ್ನು ಹೊಸ ಡೇಟಾಬೇಸಿಗೆ ಕಟ್ಟಿ. ಆಕ್ಟಿವಿಟಿ ಬ್ರೌಸರಿನಲ್ಲಿ ಇದಕ್ಕೆ ಮರುಲಿಂಕ್ ಮಾಡುವ ಆಯ್ಕೆಯೇ ಇದೆ. ಕಟ್ಟಿದ ಮೇಲೆ ಎಲ್ಲ ಸಾಲುಗಳನ್ನೂ ನೋಡಿ. ಒಂದೆರಡು ಸಾಲು ಹಳೇ ಡೇಟಾಬೇಸಿನಲ್ಲೇ ಉಳಿದರೂ ಲೆಕ್ಕ ಓಡುತ್ತದೆ. ಅರ್ಧ ಈಗಿನ ಜಗತ್ತು, ಅರ್ಧ 2050ರ ಜಗತ್ತು. ಇದು ಭಾಗಲಬ್ಧ 1 ಬರುವುದಕ್ಕಿಂತ ಅಪಾಯ, ಯಾಕೆಂದರೆ ಅಂಕಿ ಇಳಿದಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಲಿಂಕ್ ಸರಿ ಇದ್ದೂ ಅಂಕಿ ಕದಲದಿದ್ದರೆ ಹಿನ್ನೆಲೆಯ ಒಳಗೆ ಹೋಗಿ. ಪ್ರೆಮೈಸ್‌ನಲ್ಲಿ ಮೂರು ಹೆಜ್ಜೆ: ಮೂಲ ಡೇಟಾಬೇಸ್ ಓದುವುದು, ಅಪ್‌ಡೇಟ್ ಮಾಡುವುದು, ಬರೆಯುವುದು. ನಡುವಿನ ಹೆಜ್ಜೆ ಬಿಟ್ಟುಹೋದರೆ, ಅಥವಾ ಅಪ್‌ಡೇಟಿನಲ್ಲಿ ಸಿಮೆಂಟ್ ಅಥವಾ ಉಕ್ಕನ್ನು ಮಾತ್ರ ಆರಿಸಿ ವಿದ್ಯುತ್ತನ್ನು ಬಿಟ್ಟರೆ, ಹೆಸರಿನಲ್ಲಿ 2050 ಇರುತ್ತದೆ, ಒಳಗಿನ ಕರೆಂಟು ಈಗಿನದೇ ಇರುತ್ತದೆ. ಹೆಸರು ನಂಬಬೇಡಿ. ಭಾರತದ ಮಧ್ಯಮ ವೋಲ್ಟೇಜ್ ವಿದ್ಯುತ್ ಮಾರುಕಟ್ಟೆಯನ್ನು (ಎಲ್ಲ ಮೂಲಗಳ ಕರೆಂಟು ಪಾಲಿನ ಪ್ರಕಾರ ಬೆರೆಯುವ ಪ್ರಕ್ರಿಯೆಯನ್ನು) ತೆರೆದು, ಅಲ್ಲಿಂದ ಹೈ ವೋಲ್ಟೇಜ್ ಮಾರುಕಟ್ಟೆಗೆ ಇಳಿದು, ಕಲ್ಲಿದ್ದಲಿನ ಪಾಲು ಎಷ್ಟಿದೆ ಎಂದು ಕಣ್ಣಾರೆ ನೋಡಿ. ಅರ್ಧ ನಿಮಿಷದ ಕೆಲಸ.

ಒಂದು ಮಾತು ಇಲ್ಲೇ ಹೇಳಬೇಕು. ಅಂಕಿ ಬದಲಾಗದಿರುವುದು ಯಾವಾಗಲೂ ದೋಷವಲ್ಲ. ಬಂಗಡೆಯ ಮಾದರಿ ತೆಗೆದುಕೊಳ್ಳಿ. ಅದರ ಹೊರೆಯ ದೊಡ್ಡ ಪಾಲು ಬೋಟಿನ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಈ ಸಾಲು ನಮ್ಮ ಮುನ್ನೆಲೆಯಲ್ಲೇ ನೇರ ಹೊರಸೂಸುವಿಕೆಯಾಗಿ ಕೂತಿದೆ. ಹಿನ್ನೆಲೆಯ ಸನ್ನಿವೇಶಕ್ಕೆ ಅದನ್ನು ಮುಟ್ಟುವ ದಾರಿಯೇ ಇಲ್ಲ. ಮಾದರಿಯಲ್ಲಿ ಬೋಟು ಡೀಸೆಲ್ಲಿನಲ್ಲೇ ಓಡುತ್ತಿದ್ದರೆ 2050ರ ಬಂಗಡೆಯೂ ಹೆಚ್ಚುಕಡಿಮೆ ಈಗಿನ ಬಂಗಡೆಯೇ. ಆದ್ದರಿಂದ ದೋಷ ಹುಡುಕುವ ಮೊದಲು ಯಾವ ಸಾಲಿನಿಂದ ಎಷ್ಟು ಹೊರೆ ಬರುತ್ತಿದೆ ಎಂದು ಪಾಲು ಮಾಡಿ ನೋಡಿ. ಸನ್ನಿವೇಶ ಮುಟ್ಟಬಲ್ಲ ಪಾಲು ಶೇ 5 ಇದ್ದರೆ ಒಟ್ಟು ಅಂಕಿ ಸಾಮಾನ್ಯವಾಗಿ ಶೇ 5ಕ್ಕಿಂತ ಹೆಚ್ಚು ಇಳಿಯುವುದಿಲ್ಲ, ಅಲ್ವಾ?

2030ಕ್ಕೆ ಇಳಿಯಬೇಕಿದ್ದದ್ದು ಏರಿತು

ನಮ್ಮ ಜಿಲ್ಲೆಯ ಮಾದರಿಗಳಲ್ಲಿ ಜನರನ್ನು ಜಾಸ್ತಿ ಕಂಗೆಡಿಸುವುದು ಇದು. ಈಗಿನ ಐಸಿಗೆ ಒಂದು ಅಂಕಿ, 2030ರ ಐಸಿಗೆ ಅದಕ್ಕಿಂತ ದೊಡ್ಡ ಅಂಕಿ. ಸೌರ ವಿದ್ಯುತ್ ಬೆಳೆಯುವ ಸನ್ನಿವೇಶದಲ್ಲಿ ಹೊರೆ ಏರುವುದು ಹೇಗೆ?

ಎರಡೂ ಸಾಲುಗಳ ಸ್ಥಳದ ಕೋಡ್ ನೋಡಿ. ಇಕೋಇನ್ವೆಂಟಿನಲ್ಲಿ ಭಾರತದ ವಿದ್ಯುತ್ ಮಾರುಕಟ್ಟೆಗಳು ಪ್ರಾದೇಶಿಕ ಜಾಲವಾರು ಇವೆ. ಕರ್ನಾಟಕ ಸೇರುವುದು 'ಐಎನ್-ಸದರ್ನ್ ಗ್ರಿಡ್' ಎಂಬ ದಕ್ಷಿಣ ಜಾಲಕ್ಕೆ. ಮಾದರಿ ಬರೆದವರು ಕಾರವಾರ ಎಂದು ಪ್ರೀತಿಯಿಂದ ಅದನ್ನೇ ಆರಿಸಿರುತ್ತಾರೆ. ರಿಮೈಂಡ್, ಇಮೇಜ್ ಎರಡರಲ್ಲೂ ಭಾರತ ಒಂದೇ ಪ್ರದೇಶ. ಅಲ್ಲಿ ಪ್ರಾದೇಶಿಕ ಜಾಲಗಳಿಲ್ಲ. ಹಾಗಾಗಿ ಅವುಗಳಿಂದ ತಯಾರಾದ ಹೊಸ ಮಾರುಕಟ್ಟೆ ಇಡೀ ದೇಶದ್ದು. ದಕ್ಷಿಣ ಜಾಲಕ್ಕೆ ಸೇರಿದ ಕರ್ನಾಟಕದಲ್ಲೇ ಶರಾವತಿ ಇದೆ, ಕಾಳಿ ನದಿಯ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಇವೆ, ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಪಾವಗಡದ ಸೌರ ಫಲಕಗಳಿವೆ, ಗದಗ, ಚಿತ್ರದುರ್ಗದ ಗಾಳಿಯಂತ್ರಗಳಿವೆ. ದೇಶದ ಸರಾಸರಿಗಿಂತ ಈ ಜಾಲದಲ್ಲಿ ಕಲ್ಲಿದ್ದಲಿನ ಪಾಲು ಕಡಿಮೆ. ಈಗಿನ ಅಂಕಿ ದಕ್ಷಿಣ ಜಾಲದ್ದು, 2030ರ ಅಂಕಿ ಭಾರತದ್ದು. ನೀವು ಅಳೆದದ್ದು ಕಾಲದ ಬದಲಾವಣೆಯನ್ನಲ್ಲ. ಕಾರವಾರದಿಂದ ಭಾರತಕ್ಕೆ ಜಾಗ ಬದಲಾದದ್ದು ಅದರಲ್ಲಿ ಬೆರೆತಿದೆ.

ಇದನ್ನು ಬಿಡಿಸಲು ಒಂದೇ ಐಸನ್ನು ನಾಲ್ಕು ಕರೆಂಟಿನಲ್ಲಿ ಲೆಕ್ಕ ಹಾಕಿ. ಮೊದಲನೆಯದು ಮೂಲ ಇಕೋಇನ್ವೆಂಟಿನ ದಕ್ಷಿಣ ಜಾಲ. ಎರಡನೆಯದು ಮೂಲ ಇಕೋಇನ್ವೆಂಟಿನ ಭಾರತ. ಮೂರನೆಯದು ಪ್ರೆಮೈಸ್‌ನಿಂದಲೇ ತಯಾರಿಸಿದ 2020ರ ಭಾರತ. ನಾಲ್ಕನೆಯದು ಅದೇ ದಾರಿಯ 2030ರ ಭಾರತ. ಒಂದರಿಂದ ಎರಡಕ್ಕೆ ಆದ ವ್ಯತ್ಯಾಸ ಜಾಗದ್ದು. ಎರಡರಿಂದ ಮೂರಕ್ಕೆ ಆದದ್ದು ಡೇಟಾದ ಮೂಲ ಬದಲಾದ್ದರಿಂದ. ಮೂರರಿಂದ ನಾಲ್ಕಕ್ಕೆ ಆದದ್ದು ಮಾತ್ರ ಕಾಲದ್ದು. ವರದಿಯಲ್ಲಿ "ಐಸಿನ ಹೊರೆ 2030ಕ್ಕೆ ಇಷ್ಟು ಇಳಿಯುತ್ತದೆ" ಎಂದು ಬರೆಯುವ ಹಕ್ಕು ಈ ಕೊನೆಯ ವ್ಯತ್ಯಾಸಕ್ಕೆ ಮಾತ್ರ ಇದೆ. ಹಾಗಾಗಿ ನಮ್ಮ ಫೋಲ್ಡರಿನಲ್ಲಿ ಯಾರೇ 2050ರ ಹಿನ್ನೆಲೆ ತಯಾರಿಸಲಿ, ಜೊತೆಗೆ ಅದೇ ದಾರಿಯ 2020ರ ಹಿನ್ನೆಲೆಯನ್ನೂ ತಯಾರಿಸಲೇಬೇಕು. ಇದರಲ್ಲಿ ರಿಯಾಯಿತಿ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ನಮ್ಮ ಊರಿಗೆ ಕೈಗಾ ಕರೆಂಟೇ ಅಲ್ವಾ ಬರೋದು, ಟವರ್ ಲೈನು ಕಣ್ಣೆದುರೇ ಹೋಗುತ್ತಲ್ಲ" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೈಗಾದ ವಿದ್ಯುತ್ ದಕ್ಷಿಣದ ಹಲವು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನಿನ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ಇಡೀ ದೇಶ ಒಂದೇ ಆವರ್ತನದಲ್ಲಿ ಓಡುತ್ತಿದೆ. ಹತ್ತಿರದಲ್ಲಿ ಸ್ಥಾವರ ಇದೆ ಎಂದ ಮಾತ್ರಕ್ಕೆ ಬೈತಖೋಲದ ಐಸಿಗೆ ಅಣು ವಿದ್ಯುತ್ ಎಂದು ಬರೆಯಲಾಗುವುದಿಲ್ಲ. ದೇಶದ ಸರಾಸರಿ ಹಿಡಿಯುವುದು ಅಷ್ಟೇನೂ ಅಸಂಬದ್ಧವಲ್ಲ.

ಕರ್ನಾಟಕದ್ದೇ 2050 ಬೇಕು ಎನ್ನುವವರು ಈಗಿನ ಕರ್ನಾಟಕವನ್ನು ಹಾಗೇ 2050ಕ್ಕೆ ಎತ್ತಿಡಬೇಡಿ. ಆಗ ಜಗತ್ತೆಲ್ಲ ಬದಲಾಗಿ ನಮ್ಮ ರಾಜ್ಯ ಮಾತ್ರ ನಿಂತಲ್ಲೇ ನಿಂತಂತೆ ಆಗುತ್ತದೆ. ಬಳಕೆದಾರರೇ ಬರೆದ ಸನ್ನಿವೇಶವನ್ನು ಸೇರಿಸಲು ಪ್ರೆಮೈಸ್‌ನಲ್ಲಿ ದಾರಿ ಇದೆ. ರಾಜ್ಯದ ಮುಂದಿನ ವಿದ್ಯುತ್ ಪಾಲುಗಳಿಗೆ ತೋರಿಸಬಲ್ಲ ಆಧಾರ ಇದ್ದರೆ ಆ ದಾರಿ ಹಿಡಿಯಿರಿ. ಇಲ್ಲದಿದ್ದರೆ ಎರಡೂ ತುದಿಯಲ್ಲಿ ಭಾರತ ಇಡಿ.

ಇದೇ ಸಾಲಿನಲ್ಲಿ ವೋಲ್ಟೇಜೂ ಒಂದು ಬಲೆ. 11 ಕಿಲೋವೋಲ್ಟ್ ಸಂಪರ್ಕ ಇರುವ ಪ್ಲಾಂಟಿಗೆ ಮಧ್ಯಮ ವೋಲ್ಟೇಜ್ ಮಾರುಕಟ್ಟೆ ಸರಿ. ಕಡಿಮೆ ವೋಲ್ಟೇಜ್ ಮಾರುಕಟ್ಟೆಯಲ್ಲಿ ಲೈನ್ ನಷ್ಟ ಇನ್ನಷ್ಟು ಸೇರುತ್ತದೆ, ಮನೆಗಳ ಮೇಲಿನ ಸೌರ ವಿದ್ಯುತ್ತೂ ಸೇರುತ್ತದೆ. ಪ್ಲಾಂಟಿನ ಚಾವಣಿ ಮೇಲೆ ಸೌರ ಫಲಕ ಇದ್ದರೆ ಅದನ್ನು ಮುನ್ನೆಲೆಯಲ್ಲಿ ಬೇರೆ ಸಾಲಾಗಿ ಬರೆದು, ಜಾಲದಿಂದ ಬರುವ ಯೂನಿಟ್ಟನ್ನು ಅಷ್ಟು ಕಡಿಮೆ ಮಾಡಿ. ಎರಡು ಕಡೆ ಎಣಿಸಬೇಡಿ.

ಅಡಿಕೆ ಒಣಗಿಸಿದ್ದು ಕಲ್ಲಿದ್ದಲಿನಷ್ಟು ಕೊಳಕಾಗಿ ಕಂಡರೆ

ಶಿರಸಿ, ಸಿದ್ದಾಪುರ ಕಡೆಯ ಮಾದರಿಗಳಲ್ಲಿ ಬರುವ ದೋಷ ಬೇರೆ. ಡ್ರೈಯರಿಗೆ ಅಡಿಕೆ ಸಿಪ್ಪೆ, ಸೌದೆ ಹಾಕುತ್ತಾರೆ. ಸಾಮಾನ್ಯ ಹವಾಮಾನ ವಿಧಾನದಲ್ಲಿ ಗಿಡಮರದಿಂದ ಬಂದ ಕಾರ್ಬನ್ ಡೈಆಕ್ಸೈಡಿಗೆ ಸೊನ್ನೆ. ಗಿಡ ಗಾಳಿಯಿಂದ ಹೀರಿದ್ದಕ್ಕೂ ಸೊನ್ನೆ, ಉರಿದಾಗ ಬಿಟ್ಟದ್ದಕ್ಕೂ ಸೊನ್ನೆ. ಭವಿಷ್ಯದ ಸನ್ನಿವೇಶಗಳಿಗೆ ಇದು ಸಾಲುವುದಿಲ್ಲ. ಅಲ್ಲಿ ಸೌದೆಯಂಥ ಜೀವರಾಶಿಯನ್ನು ಉರಿಸಿ ಬಂದ ಅನಿಲವನ್ನು ಹಿಡಿದು ನೆಲದಡಿ ತುಂಬುವ ಸ್ಥಾವರಗಳೂ ಇರುತ್ತವೆ. ಸೊನ್ನೆ ಲೆಕ್ಕದಲ್ಲಿ ಅವುಗಳ ಲಾಭ ಕಾಣುವುದೇ ಇಲ್ಲ. ಅದಕ್ಕೇ ಹೀರಿದ್ದಕ್ಕೆ ಮೈನಸ್ 1, ಬಿಟ್ಟದ್ದಕ್ಕೆ ಪ್ಲಸ್ 1 ಕೊಡುವ ವಿಧಾನವನ್ನು ಪ್ರೆಮೈಸ್ ಜೊತೆ ಬಳಸುತ್ತಾರೆ.

ವಿಧಾನ ಬದಲಿಸಿದ ಕ್ಷಣ ನಮ್ಮ ಅಡಿಕೆಯ ಅಂಕಿ ಜಿಗಿಯುತ್ತದೆ. ಕಾರಣ ಇಷ್ಟೇ. ಸಿಪ್ಪೆಯನ್ನು ಉಚಿತ ಉಳಿಕೆ ಎಂದು ಬರೆದಿರುತ್ತೇವೆ, ಹಿಂದೆ ತೋಟ ಇಲ್ಲ, ಹಾಗಾಗಿ ಹೀರಿದ ಲೆಕ್ಕವೂ ಇಲ್ಲ. ಉರಿದ ಲೆಕ್ಕ ಮಾತ್ರ ಇದೆ. ಮೈನಸ್ 1 ಕಾಣೆ, ಪ್ಲಸ್ 1 ಹಾಜರ್. ಗುರುತು ಹಿಡಿಯಲು ಒಂದು ಕೈಲೆಕ್ಕ ಇದೆ. ಒಣ ಸಸ್ಯವಸ್ತುವಿನಲ್ಲಿ ಕಾರ್ಬನ್ ಅರ್ಧದ ಹತ್ತಿರ. ಅರ್ಧ ಕೆಜಿ ಕಾರ್ಬನ್ ಉರಿದರೆ 44ನ್ನು 12ರಿಂದ ಭಾಗಿಸಿದ ಲೆಕ್ಕದಲ್ಲಿ ಸುಮಾರು 1.8 ಕೆಜಿ ಕಾರ್ಬನ್ ಡೈಆಕ್ಸೈಡ್. ವಿಧಾನ ಬದಲಿಸಿದಾಗ ಅಂಕಿ ಜಿಗಿದದ್ದು ಉರಿಸಿದ ಒಣ ಸಿಪ್ಪೆಯ ಪ್ರತಿ ಕೆಜಿಗೆ 1.8ರ ಹತ್ತಿರ ಇದ್ದರೆ ದೋಷ ಇದೇ. ಬೇರೆ ಹುಡುಕಬೇಡಿ.

ಸಿಪ್ಪೆಯ ಸಾಲಿಗೆ ಅಷ್ಟೇ ಕಾರ್ಬನ್ ಗಾಳಿಯಿಂದ ಹೀರಿದ ಸಾಲನ್ನು ಜೋಡಿಸಿ. ಜೊತೆಗೆ ಹೊರಸೂಸುವಿಕೆಯ ಹೆಸರನ್ನೂ ಪರೀಕ್ಷಿಸಿ. ಕಾರ್ಬನ್ ಡೈಆಕ್ಸೈಡ್ 'ಪಳೆಯುಳಿಕೆ' ಮತ್ತು 'ಪಳೆಯುಳಿಕೆಯಲ್ಲದ' ಎಂದು ಎರಡು ಸಾಲು ಇವೆ. ಸೌದೆ ಹೊಗೆ ಮೊದಲನೆಯದರಲ್ಲಿ ಕೂತಿದ್ದರೆ ಯಾವ ವಿಧಾನದಲ್ಲೂ ಸರಿಯಾಗುವುದಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಒಂದು, ನಿಮ್ಮದರಲ್ಲಿ ಇನ್ನೊಂದು

ಹಂಚಿಕೊಂಡು ಕೆಲಸ ಮಾಡುವವರಿಗೆ ಇದು ತಪ್ಪದು. ಮೊದಲು ಆವೃತ್ತಿ ಹೋಲಿಸಿ. ಇಕೋಇನ್ವೆಂಟ್ 3.9 ಮತ್ತು 3.10ರ ನಡುವೆ ಹೆಸರುಗಳೂ ಡೇಟಾವೂ ಬದಲಾಗಿವೆ. ಕಟ್‌ಆಫ್ ಮತ್ತು ಕಾನ್ಸಿಕ್ವೆನ್ಷಿಯಲ್ ಹೊರೆಯನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎಂಬುದರ ಎರಡು ಬೇರೆ ವ್ಯವಸ್ಥೆಗಳು, ಬೆರೆಸಬಾರದು. ಸನ್ನಿವೇಶದ ಹೆಸರನ್ನು ಅಕ್ಷರಶಃ ಹೋಲಿಸಿ. ರಿಮೈಂಡ್ ದಾರಿಗಳಲ್ಲಿ ಹೆಸರಿನ ಕೊನೆಯ ಸಂಖ್ಯೆ ಕಾರ್ಬನ್ ಬಜೆಟ್ಟನ್ನು, ಅಂದರೆ ಜಗತ್ತು ಇನ್ನೆಷ್ಟು ಕಾರ್ಬನ್ ಡೈಆಕ್ಸೈಡ್ ಬಿಡಬಹುದು ಎಂಬ ಮಿತಿಯನ್ನು ಹೇಳುತ್ತದೆ. 500 ಎಂದಿರುವುದು ಬಿಗಿ, 1150 ಎಂದಿರುವುದು ಸಡಿಲ.

ಎಲ್ಲ ಸನ್ನಿವೇಶಗಳನ್ನೂ ಒಂದೇ ಡೇಟಾಬೇಸಿನಲ್ಲಿಟ್ಟು, ವ್ಯತ್ಯಾಸಗಳನ್ನು ಮಾತ್ರ ಒಂದು ಫೈಲಿನಲ್ಲಿ ಇಡುವ ಕ್ರಮವೂ ಇದೆ. ಆ ಫೈಲಿನ ಪ್ರತಿ ಸಾಲಿನಲ್ಲಿ ಎಲ್ಲಿಂದ ಎಲ್ಲಿಗೆ ಎಂಬ ಹೆಸರು, ಸ್ಥಳ, ಡೇಟಾಬೇಸ್ ಬರೆದಿರುತ್ತದೆ. ನಿಮ್ಮ ಡೇಟಾಬೇಸಿಗೆ ನೀವು ಬೇರೆ ಹೆಸರಿಟ್ಟಿದ್ದರೆ ಸಾಲುಗಳು ಹೊಂದುವುದಿಲ್ಲ. ಹೆಸರಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಸಾಕು.

ಎರಡು ಕಳ್ಳ ದೋಷಗಳನ್ನು ಹೇಳಿಬಿಡುತ್ತೇನೆ. ನಮೀಬಿಯಾದ ಕೋಡ್ 'ಎನ್ಎ'. ಪೈಥಾನಿನ ಪಾಂಡಾಸ್ ಲೈಬ್ರರಿ ಕೋಷ್ಟಕದ ಸಿಎಸ್‌ವಿ ಓದುವಾಗ ಅದನ್ನು "ಮಾಹಿತಿ ಇಲ್ಲ" ಎಂದು ತಿಳಿದು ಖಾಲಿ ಮಾಡಿಬಿಡುತ್ತದೆ. ನಾರ್ವೆಯ ಕೋಡ್ 'ಎನ್ಒ'. ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನಲ್ಲಿ ಉದ್ಧರಣ ಚಿಹ್ನೆ ಹಾಕದಿದ್ದರೆ ಅದು "ಇಲ್ಲ" ಎಂಬ ಅರ್ಥಕ್ಕೆ ತಿರುಗಬಹುದು. ನಮಗೂ ನಾರ್ವೆಗೂ ಏನು ಸಂಬಂಧ ಅನ್ನಬೇಡಿ. ಪ್ಲಾಂಟಿನ ಅಲ್ಯುಮಿನಿಯಂ ಎಲ್ಲೆಲ್ಲಿಂದ ಬಂದಿದೆಯೋ, ಹಿನ್ನೆಲೆ ಜಗತ್ತೆಲ್ಲ ಸುತ್ತುತ್ತದೆ. ಹಂಚುವ ಸಿಎಸ್‌ವಿಯನ್ನು ಎಕ್ಸೆಲಿನಲ್ಲಿ ತೆರೆದು ಸುಮ್ನೆ ಸೇವ್ ಮಾಡುವ ಅಭ್ಯಾಸವನ್ನೂ ಬಿಡಿ. ಅದು ಕೋಡುಗಳನ್ನು ದಿನಾಂಕ ಮಾಡಿಬಿಡುತ್ತದೆ.

ಈ ತಪಾಸಣೆ ಟೂಲೇ ಮಾಡಬೇಕು

ಇಷ್ಟನ್ನೂ ಪ್ರತಿಯೊಬ್ಬರೂ ಕೈಯಿಂದ ಮಾಡುವುದು ನ್ಯಾಯವಲ್ಲ. ಒಬ್ಬರು ಕಂಡುಹಿಡಿದ ದೋಷ ಇನ್ನೊಬ್ಬರ ಸಂಜೆಯನ್ನು ತಿನ್ನಬಾರದು. ಹಂಚಿಕೆಯ ಟೂಲಿಗೆ ನಾವು ಒಂದೊಂದಾಗಿ ಸೇರಿಸುತ್ತಿರುವ ತಪಾಸಣೆಗಳು ಇವು. ಮುನ್ನೆಲೆಯ ಲಿಂಕುಗಳು ಎರಡು ಹಿನ್ನೆಲೆಗಳಿಗೆ ಹಂಚಿಹೋಗಿದ್ದರೆ ಲೆಕ್ಕ ನಿಲ್ಲಬೇಕು. ವ್ಯತ್ಯಾಸದ ಫೈಲಿನಲ್ಲಿ ಹೊಂದದ ಸಾಲು ಒಂದಿದ್ದರೂ ಅದನ್ನು ಹೆಸರು ಹಿಡಿದು ಹೇಳಬೇಕು. ಪ್ರತಿ ವಿದ್ಯುತ್ ಮಾರುಕಟ್ಟೆಯ ಪಾಲುಗಳ ಮೊತ್ತ, ನಷ್ಟ ಬಿಟ್ಟು, 1 ಆಗಬೇಕು. 2020ರ ಹಿನ್ನೆಲೆ ಇಲ್ಲದೆ 2050ರ ಹೋಲಿಕೆ ತೋರಿಸಬಾರದು. ಭಾರತದ ಒಂದು ಯೂನಿಟ್ ಕರೆಂಟು ಮತ್ತು ಒಂದು ಟನ್ ಐಸ್ ಎಂಬ ಎರಡು ಪರೀಕ್ಷಾ ವಸ್ತುಗಳನ್ನು ಪ್ರತಿ ಸಲ ಓಡಿಸಿ, ಹಿಂದಿನ ಅಂಕಿಯ ಪಕ್ಕ ಬರೆದಿಡಬೇಕು.

ಫೋಲ್ಡರಿಗೆ ಏನು ಹಾಕಬಾರದು ಎಂಬುದೂ ಅಷ್ಟೇ ಮುಖ್ಯ. ಇಕೋಇನ್ವೆಂಟ್ ಲೈಸೆನ್ಸ್ ಇರುವ ಡೇಟಾ. ಅದನ್ನಾಗಲಿ, ಅದರಿಂದ ತಯಾರಾದ ಪೂರ್ತಿ 2050ರ ಡೇಟಾಬೇಸನ್ನಾಗಲಿ ಎತ್ತಿ ಹಾಕುವಂತಿಲ್ಲ. ಪ್ರೆಮೈಸ್‌ನ ಸನ್ನಿವೇಶ ಫೈಲುಗಳನ್ನು ತೆರೆಯುವ ಕೀಯನ್ನೂ ಹಾಕಬೇಡಿ, ಕೇಳಿದವರಿಗೆ ಅದು ಪ್ರತ್ಯೇಕವಾಗಿ ಸಿಗುತ್ತದೆ. ವ್ಯತ್ಯಾಸವನ್ನಷ್ಟೇ ಪೊಟ್ಟಣ ಕಟ್ಟಿ ಕಳಿಸಿ, ಆ ಕಡೆಯವರು ತಮ್ಮ ಲೈಸೆನ್ಸಿನ ಪ್ರತಿಯ ಮೇಲೆ ಬಿಚ್ಚಿಕೊಳ್ಳಲು ಅನ್‌ಫೋಲ್ಡ್ ಎಂಬ ಟೂಲ್ ಇದೆ. ಅದನ್ನು ಬಳಸಿ.

ಇಷ್ಟೆಲ್ಲ ನೋಡಿಯೂ ದೋಷ ಸಿಗದಿದ್ದರೆ ಗುಂಪಿನಲ್ಲಿ ಕೇಳಿ, ಸಂಕೋಚ ಬೇಡ. ಕೇಳುವಾಗ ಬರೀ "ಅಂಕಿ ತಪ್ಪು ಬಂತು" ಎನ್ನಬೇಡಿ. ಇಕೋಇನ್ವೆಂಟ್, ಪ್ರೆಮೈಸ್, ಬ್ರೈಟ್‌ವೇ ಆವೃತ್ತಿ, ಮಾದರಿ, ದಾರಿ, ವರ್ಷ, ವಿಧಾನದ ಪೂರ್ತಿ ಹೆಸರು, ನಿರೀಕ್ಷಿಸಿದ ಅಂಕಿ, ಬಂದ ಅಂಕಿ, ಅವುಗಳ ಭಾಗಲಬ್ಧ, ಹೊರೆ ಹೆಚ್ಚಿರುವ ಐದು ಸಾಲುಗಳು, ಇಷ್ಟನ್ನು ಕಳಿಸಿ. ದೋಷ ಸಿಕ್ಕ ಮೇಲೆ ಅದು ಹೇಗೆ ಕಂಡಿತ್ತು, ಎಲ್ಲಿತ್ತು ಎಂದು ಎರಡು ಸಾಲು ಫೋಲ್ಡರಿನ ದೋಷಪಟ್ಟಿಗೆ ಸೇರಿಸಿ. ಬರೆಯಲು ಬಿಡುವಿಲ್ಲದಿದ್ದರೆ ಫೋನಿನಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.